ಸ್ಕ್ಯಾನ್‌ಗೆ ದಕ್ಕದ ಕೊನೆಯ ಕೈ

ಆಂಟೋನಿಯೊ ಕನೋವಾ 1787ರಿಂದ 1793ರ ನಡುವೆ ಅಮೃತಶಿಲೆಯಲ್ಲಿ ಕಡೆದ ಕ್ಯುಪಿಡ್–ಸೈಕಿ ಶಿಲ್ಪ ಇರುವುದು ಪ್ಯಾರಿಸ್ಸಿನ ಲೂವ್ರ್‌ನಲ್ಲಿ. ನಾನು ನೋಡಿರುವುದು ಪುಣೆಯ ಮನೆಯ ಲ್ಯಾಪ್‌ಟಾಪಿನಲ್ಲಿ, 3ಡಿ ಸ್ಕ್ಯಾನ್ ಆಗಿ. ಇಷ್ಟರಿಂದಲೇ ಶಿಲ್ಪದ ಬಗ್ಗೆ ಮಾತಾಡಬಹುದೆ?

ಸ್ವಲ್ಪಮಟ್ಟಿಗೆ ಖಂಡಿತ ಆಡಬಹುದು. ಸೈಕಿಯ ಪಾದದ ಬಳಿ ಒಂದು ಹಿಡಿಕೆ ಇದೆ; ಶಿಲ್ಪವನ್ನು ತಿರುಗಿಸಿ ನೋಡಲೆಂದೇ ಇಟ್ಟದ್ದು. ಮೌಸ್ ಹಿಡಿದು ನಾವು ಮಾಡುವುದೂ ಅದನ್ನೇ. ಪುಸ್ತಕದ ಫೋಟೋದಲ್ಲಿ ಸಾಮಾನ್ಯವಾಗಿ ಕಾಣುವುದು ಚುಂಬನದ ಕ್ಷಣ ಮಾತ್ರ. ಹಿಂಬದಿಗೆ ತಿರುಗಿಸಿದಾಗ ಅವಳು ತೆರೆಯಬಾರದಿದ್ದ ಭರಣಿ ಕಾಣುತ್ತದೆ. ಮುಂದೆ ಎಚ್ಚರ, ಹಿಂದೆ ಆ ನಿದ್ದೆಯ ಕಾರಣ: ಕಥೆ ಪೂರ್ತಿಯಾಗುವುದು ಸುತ್ತು ಬಂದವರಿಗೆ.

ಕನೋವಾನ ಕೆಲಸದ ಕ್ರಮವೂ ಸ್ಕ್ಯಾನ್‌ಗೆ ದೂರದ್ದಲ್ಲ. ಮೊದಲು ಜೇಡಿಮಣ್ಣು, ಆಮೇಲೆ ಪ್ಲಾಸ್ಟರ್. ಪ್ಲಾಸ್ಟರ್ ಮೇಲೆ ಚಿಕ್ಕ ಲೋಹದ ಮೊಳೆಗಳನ್ನು ನೆಟ್ಟು, ಆ ಬಿಂದುಗಳ ಅಳತೆಯನ್ನು ಸಹಾಯಕರು ಕಲ್ಲಿಗೆ ಸಾಗಿಸುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಪಾಯಿಂಟ್ ಕ್ಲೌಡ್. ಆದರೆ ಕೊನೆಯ ಹಂತವನ್ನು, ಅಂದರೆ ಮೈಯ ನಯವನ್ನು, ಅವನು ಬೇರೆಯವರಿಗೆ ಬಿಡುತ್ತಿರಲಿಲ್ಲ. ದೀಪದ ಬೆಳಕಿನಲ್ಲಿ ತಾನೇ ಉಜ್ಜಿ ಮುಗಿಸುತ್ತಿದ್ದ.

ಸ್ಕ್ಯಾನ್ ಸೋಲುವುದು ಸರಿಯಾಗಿ ಅಲ್ಲಿಯೇ. ಅಮೃತಶಿಲೆಯೊಳಗೆ ಬೆಳಕು ಕೊಂಚ ಇಳಿದು, ಚದುರಿ ಹೊರಬರುತ್ತದೆ. ಕಲ್ಲಿಗೆ ಚರ್ಮದ ಕಳೆ ಬರುವುದು, ಕ್ಯುಪಿಡನ ತೆಳು ರೆಕ್ಕೆ ಬೆಳಗುವುದು ಇದರಿಂದ. ಲೇಸರ್ ಅಳತೆ ತುಸು ಕದಡುವುದೂ ಇದರಿಂದಲೇ. ನನ್ನ ಪರದೆಯ ಮೇಲೆ ರೆಕ್ಕೆ, ತೊಡೆ, ಬಂಡೆ ಎಲ್ಲವೂ ಒಂದೇ ಬೂದು.

ಹಾಗೆಂದು ಕಲ್ಲಿಲ್ಲದ ರೂಪ ಪೊಳ್ಳು ಎನ್ನಲಾರೆ. ಪುಣೆಯಲ್ಲೇ ಹುಟ್ಟಿದ ಗಣಪತರಾವ್ ಮ್ಹಾತ್ರೆ 1896ರಲ್ಲಿ ಮಾಡಿದ ‘ಮಂದಿರಪಥಗಾಮಿನಿ’ ಬರೀ ಪ್ಲಾಸ್ಟರ್. ದೇವಸ್ಥಾನಕ್ಕೆ ಹೊರಟ ಆ ಮರಾಠಿ ಹುಡುಗಿಯ ಸೀರೆಯ ನೆರಿಗೆಗಳಿಂದಲೇ ಅವರು ಹೆಸರಾದರು. ನಿಲುವು, ನೆರಿಗೆ, ತೂಕ ಇವೆಲ್ಲ ಅಳತೆಯಲ್ಲಿ ಉಳಿದುಬರುತ್ತವೆ.

ನಮ್ಮಲ್ಲಿ ವಿಗ್ರಹ ಪೂರ್ತಿಯಾದ ಮೇಲೂ ನೇತ್ರೋನ್ಮೀಲನ ಬಾಕಿ ಇರುತ್ತದೆ. ಕಣ್ಣು ತೆರೆಸುವವರೆಗೆ ಅದಕ್ಕೆ ಪೂಜೆಯಿಲ್ಲ. ಸ್ಕ್ಯಾನ್ ಆ ಹಂತದ ವಿಗ್ರಹದಂತೆ. ವೀಸಾ, ಟಿಕೆಟ್, ರಜೆ ಮೂರೂ ಕೂಡಿಬರದ ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಅದನ್ನು ನೋಡಿ ರಚನೆಯ ಬಗ್ಗೆ ಧೈರ್ಯವಾಗಿ ಬರೆಯೋಣ. ಕನೋವಾನ ನಯದ ಬಗ್ಗೆ ಬರೆಯುವುದನ್ನು ಮಾತ್ರ ಲೂವ್ರ್‌ನಲ್ಲಿ ನಿಂತು ನೋಡಿದವರಿಗೆ ಬಿಡೋಣ.