‘ಇತರ’ ಎಂಬ ಕಾಲಂ: ಒರಾಂಗ್ ಅಸ್ಲಿ ಆರೋಗ್ಯ ವರದಿಗಳ ಬಗ್ಗೆ

ಮಲೇಷ್ಯಾದ ಆರೋಗ್ಯ ಸಮೀಕ್ಷೆಗಳ ಅನೇಕ ಕೋಷ್ಟಕಗಳಲ್ಲಿ ಮಲಯರು, ಚೀನೀಯರು, ಭಾರತೀಯರು ಎಂಬ ಕಾಲಂಗಳ ಪಕ್ಕ ‘ಇತರ ಭೂಮಿಪುತ್ರರು’ ಎಂಬುದೊಂದು ಇರುತ್ತದೆ. ಪರ್ಯಾಯ ದ್ವೀಪದ ಮೂಲನಿವಾಸಿಗಳಾದ ಒರಾಂಗ್ ಅಸ್ಲಿಗಳು ಸಾಮಾನ್ಯವಾಗಿ ಅದರೊಳಗೆ ಸೇರಿಹೋಗುತ್ತಾರೆ. ಕೌಲಾಲಂಪುರದಲ್ಲಿ ಆರೋಗ್ಯದ ಅಂಕಿಅಂಶ ವಿಶ್ಲೇಷಿಸುವ ಸಲಹೆಗಾರ್ತಿಯಾದ ನನಗೆ ಇಂಥ ವರದಿ ಓದುವುದೇ ಕಸುಬು. ನನ್ನ ತಕರಾರು ಅಂಕಿಗಳ ಮೇಲಲ್ಲ, ಆ ಕಾಲಂನ ಮೇಲೆ.

2020ರ ಜನಗಣತಿಯಂತೆ ದೇಶದ ಜನಸಂಖ್ಯೆ 3.24 ಕೋಟಿ, ಒರಾಂಗ್ ಅಸ್ಲಿಗಳು ಸುಮಾರು 2 ಲಕ್ಷ. ಚೀಟಿ ಎತ್ತಿದಂತೆ 10,000 ಜನರನ್ನು ಆರಿಸಿದರೆ ಇವರು 60ರಷ್ಟು ಸಿಗಬಹುದು. ಸರ್ಕಾರ ಗುರುತಿಸಿದ ಒಳಪಂಗಡಗಳು 18. ಪಂಗಡಕ್ಕೆ ಮೂರು-ನಾಲ್ಕು ಜನ! ಅವರಿಂದ ಯಾವ ಸರಾಸರಿ ತೆಗೆಯುವುದು?

2019ರಲ್ಲಿ ಕೆಲಂತಾನ್ ರಾಜ್ಯದ ಕುವಾಲಾ ಕೋಹ್‌ನಲ್ಲಿ ಬಾತೆಕ್ ಪಂಗಡದ ಹತ್ತಕ್ಕೂ ಹೆಚ್ಚು ಮಂದಿ ಕೆಲವೇ ವಾರಗಳಲ್ಲಿ ತೀರಿಕೊಂಡರು. ಮೊದಲು ನ್ಯುಮೋನಿಯಾ ಎಂದರು. ಹತ್ತಿರದ ಮ್ಯಾಂಗನೀಸ್ ಗಣಿಯಿಂದ ನೀರು ಕೆಟ್ಟಿದೆಯೆಂಬ ಶಂಕೆಯೂ ಎದ್ದಿತು. ಜೂನ್‌ನಲ್ಲಿ ಆರೋಗ್ಯ ಸಚಿವರು ಅದು ದಡಾರ ಎಂದು ಪ್ರಕಟಿಸಿದರು. ಲಸಿಕೆಯಿಂದ ತಡೆಯಬಹುದಾದ ರೋಗ. ಮೊದಲ ಡೋಸ್‌ನ ರಾಷ್ಟ್ರೀಯ ಸರಾಸರಿ ಆಗ ಶೇ 90ಕ್ಕೂ ಮೇಲಿತ್ತು. ಸರಾಸರಿ ಸುಳ್ಳಾಗಿರಲಿಲ್ಲ, ಕುವಾಲಾ ಕೋಹ್ ಅದರಲ್ಲಿ ಕಾಣುವಷ್ಟು ದೊಡ್ಡದಾಗಿರಲಿಲ್ಲ, ಅಷ್ಟೆ.

ಕಾಲಿನ್ ನಿಕೋಲಸ್ ಮತ್ತು ಅಡೆಲಾ ಬೇರ್ 2007ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಓದಬೇಕಾದದ್ದು. ಪೋಷಕ ಧೋರಣೆ ಮತ್ತು ಮಾನ್ಯತೆಯ ನಿರಾಕರಣೆ, ಇವೆರಡರ ಪರಿಣಾಮವನ್ನು ಅವರು ಶೀರ್ಷಿಕೆಯಲ್ಲೇ ಇಟ್ಟರು. ನಮ್ಮ ಮೌಲ್ಯಮಾಪನ ವರದಿಗಳು ಎಷ್ಟು ಶಿಬಿರ ನಡೆಯಿತು, ಎಷ್ಟು ಮಾತ್ರೆ ಹಂಚಲಾಯಿತು ಎಂದು ಎಣಿಸುತ್ತವೆ. ಕಾಡು ಕೈತಪ್ಪಿದ ಮೇಲೆ ಊಟದ ತಟ್ಟೆ ಏನಾಯಿತು ಎಂದು ಕೇಳುವುದು ಅಪರೂಪ. ಹಣ ಕೊಟ್ಟವರು ಆ ಪ್ರಶ್ನೆ ಕೇಳಿರುವುದಿಲ್ಲವಲ್ಲ.

ಕನ್ನಡಿಗರಾದ ನಾವು ಇದನ್ನು ಓದಿ ಹುಬ್ಬೇರಿಸುವ ಹಾಗಿಲ್ಲ. ಭಾರತದ ಕುಟುಂಬ ಆರೋಗ್ಯ ಸಮೀಕ್ಷೆಯ ಕರ್ನಾಟಕ ವರದಿಯಲ್ಲೂ ‘ಪರಿಶಿಷ್ಟ ಪಂಗಡ’ ಒಂದೇ ಸಾಲು. 2011ರ ಜನಗಣತಿಯಂತೆ ರಾಜ್ಯದ 42 ಲಕ್ಷ ಪಂಗಡದವರಲ್ಲಿ ಮುಕ್ಕಾಲಿಗೂ ಹೆಚ್ಚು ನಾಯಕರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆಯ ಜೇನುಕುರುಬರು ಆ ಸಾಲಿನಲ್ಲಿ ಎಲ್ಲಿದ್ದಾರೆ? ಸೋಲಿಗರಲ್ಲಿರುವ ಕುಡುಗೋಲು ಕಣ ರಕ್ತಹೀನತೆ ಬೆಳಕಿಗೆ ಬಂದದ್ದು ಇಂಥ ಸಾಲಿನಿಂದಲ್ಲ, ಬೆಟ್ಟದಲ್ಲೇ ನೆಲೆಸಿ ಚಿಕಿತ್ಸೆ ಕೊಟ್ಟ ಡಾ. ಸುದರ್ಶನ್ ಅವರಂಥವರ ಕೆಲಸದಿಂದ.

ಹಾಗೆಂದು ಕಾಲಂ ಒಡೆದು 18 ಮಾಡಿದರೆ ಮುಗಿಯಲಿಲ್ಲ. ಚಿಕ್ಕ ಪಂಗಡದಲ್ಲಿ ‘ಕ್ಷಯ: 2’ ಎಂದು ಅಚ್ಚು ಹಾಕಿದರೆ ಆ ಇಬ್ಬರು ಯಾರೆಂದು ಊರಿಗೇ ಗೊತ್ತಾಗುತ್ತದೆ. ಕೆನಡಾದ ಮೂಲನಿವಾಸಿಗಳು 1998ರಲ್ಲೇ ತಮ್ಮ ಮಾಹಿತಿಯ ಒಡೆತನ, ನಿಯಂತ್ರಣ ತಮ್ಮದೇ ಆಗಬೇಕೆಂಬ ತತ್ವ ರೂಪಿಸಿಕೊಂಡದ್ದು ಇದಕ್ಕೇ. ಇಲ್ಲೂ ಕರಡು ವರದಿ ಮೊದಲು ಹಳ್ಳಿಗೆ ಹೋಗಬೇಕು, ಅವರ ಭಾಷೆಯಲ್ಲಿ ಓದಿ ಹೇಳಬೇಕು, ಬೇಡವೆಂದ ಕೋಷ್ಟಕ ತೆಗೆಯಬೇಕು. ಅದಕ್ಕೆ ಎರಡು ತಿಂಗಳು ಹೆಚ್ಚು ಬೇಕು, ದುಭಾಷಿಯ ಸಂಬಳವೂ ಬೇಕು. ನಾನು ನೋಡಿರುವ ಗುತ್ತಿಗೆ ಪತ್ರಗಳಲ್ಲಿ ಈ ಎರಡಕ್ಕೂ ಜಾಗವೇ ಇರಲಿಲ್ಲ.