ಸುರುಳುವ ಹಾಳೆ: ಪರಿಹಾರಗಳ ತಾರತಮ್ಯ

ಮನೆಯ ಲೇಸರ್ ಪ್ರಿಂಟರಿನಿಂದ ಹೊರಬಿದ್ದ ಹಾಳೆ ಅಂಚುಗಳನ್ನೆತ್ತಿ ಸುರುಳಿಗೊಳ್ಳುವ ದೋಷಕ್ಕೆ ರೂಢಿಯಲ್ಲಿರುವ ಪರಿಹಾರಗಳು ಹಲವಾದರೂ, ಅವುಗಳಲ್ಲಿ ದೋಷದ ಮೂಲವನ್ನು ಮುಟ್ಟುವಂಥವು ಯಾವುವು, ಕೇವಲ ಲಕ್ಷಣವನ್ನು ಮರೆಸುವಂಥವು ಯಾವುವು ಎಂಬ ವಿವೇಚನೆ ವಿರಳ. ಅಚ್ಚಾದ ಹಾಳೆಗಳ ಮೇಲೆ ದಪ್ಪ ನಿಘಂಟೊಂದನ್ನು ಹೇರಿಡುವುದು ಎರಡನೆಯ ವರ್ಗದ್ದು. ಅದರಿಂದ ಹಾಳೆ ಚಪ್ಪಟೆಯಾಗುವುದು ದಿಟ. ಆದರೆ ಎರಡು ಮಗ್ಗುಲಿಗೂ ಅಚ್ಚುಹಾಕುವಾಗ, ಒಂದು ಮಗ್ಗುಲನ್ನು ಮುಗಿಸಿಕೊಂಡು ಒಳಕ್ಕೆ ಮರಳುವ ಹಾಳೆ ಯಂತ್ರದ ಗರ್ಭದಲ್ಲಿಯೇ ಬಾಗಿ ಸಿಕ್ಕಿಕೊಂಡರೆ ನಿಘಂಟು ಏನು ಮಾಡೀತು?

ಕಾಗದವೆಂಬುದು ಸೆಲ್ಯುಲೋಸ್ ನಾರುಗಳ ಹೆಣಿಗೆ. ಅದರ ತೂಕದಲ್ಲಿ ನೂರಕ್ಕೆ ಸುಮಾರು 5 ಪಾಲು ನೀರು ಸಹಜವಾಗಿಯೇ ನೆಲೆಸಿರುತ್ತದೆ. ಟೋನರ್ ಪುಡಿಯನ್ನು ಕರಗಿಸಿ ನಾರಿಗೆ ಬೆಸೆಯುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವುದರಿಂದ, ಅದರ ಉರುಳೆಗಳ ನಡುವೆ ನುಸುಳುವ ಹಾಳೆಯ ಎರಡು ಮುಖಗಳೂ ಸಮನಾಗಿ ಒಣಗದೆ, ಬಿಸಿಲಿಗೆ ಹರವಿದ ಹಪ್ಪಳದಂತೆ, ಒಂದು ಮುಖದ ಕುಗ್ಗುವಿಕೆಗೆ ಇನ್ನೊಂದು ಮುಖ ಬಾಗಲೇಬೇಕಾಗುತ್ತದೆ. ತೇವ ಏರಿಳಿದಾಗ ನಾರು ಉದ್ದದಲ್ಲಿ ಬದಲಾಗುವುದು ಅತ್ಯಲ್ಪ, ಅಗಲದಲ್ಲಿ ಅದರ ಹಲವು ಪಟ್ಟು. ಆದಕಾರಣ ನಾರು ಮಲಗಿದ ದಿಕ್ಕನ್ನೇ ಅಕ್ಷವಾಗಿಸಿಕೊಂಡು ಸುರುಳಿ ಏಳುವುದು.

ಟ್ರೇಯಲ್ಲಿನ ಹಾಳೆಗಳನ್ನು ಮಗುಚಿ ಹಾಕಿರೆಂಬ ಸಲಹೆ ಅಜ್ಜಿಮದ್ದಿನಂತೆ ಕೇಳಿಸಿದರೂ ನಿರಾಧಾರವಲ್ಲ. ಕಾರ್ಖಾನೆಯ ಜಾಲರಿಯ ಮೇಲೆ ರೂಪುಗೊಳ್ಳುವ ಕಾಗದದ ಎರಡು ಮುಖಗಳಿಗೆ ಸ್ವಭಾವಭೇದವಿರುವುದರಿಂದ, ಹುಟ್ಟಿನ ಬಾಗು ಶಾಖದ ಬಾಗಿಗೆ ಎದುರಾಗಿ ನಿಂತಾಗ ಎರಡು ದೋಷಗಳೂ ಪರಸ್ಪರ ತಗ್ಗುವವು. ಎಷ್ಟೋ ರೀಮುಗಳ ಹೊದಿಕೆಯ ಮೇಲೆ ಮೊದಲು ಅಚ್ಚುಹಾಕತಕ್ಕ ಮಗ್ಗುಲನ್ನು ತೋರುವ ಬಾಣವಿರುವುದೂ ಈ ಭೇದದ ದೆಸೆಯಿಂದಲೇ.

ಡ್ರೈವರಿನಲ್ಲಿ ತೆಳು ಕಾಗದವೆಂದು ನಮೂದಿಸಿ ಶಾಖವನ್ನು ಇಳಿಸುವ ಉಪಾಯವನ್ನು ನಾನು ಅಷ್ಟು ಸುಲಭವಾಗಿ ಮೆಚ್ಚಲಾರೆ. ಬ್ರದರ್ ಸಂಸ್ಥೆಯ ಪ್ರಿಂಟರುಗಳಲ್ಲಿ ಸುರುಳಿಯನ್ನು ತಗ್ಗಿಸುವ ಪ್ರತ್ಯೇಕ ಆಯ್ಕೆಯೇ ಉಂಟು. ಅದು ಪ್ರಯೋಜನಕಾರಿಯೂ ಹೌದು. ಆದರೆ ಶಾಖ ಹದಕ್ಕಿಂತ ಇಳಿದಲ್ಲಿ ಟೋನರ್ ನಾರನ್ನು ಬಿಗಿಯಾಗಿ ಹಿಡಿಯದೆ, ಬೆರಳಿನ ಉಜ್ಜುವಿಕೆಗೇ ಅಕ್ಷರ ಉದುರುವುದು. ನೆಟ್ಟಗಿರುವ ಹಾಳೆಯ ಮೇಲೆ ಅಕ್ಷರವೇ ನಿಲ್ಲದಿದ್ದರೆ ಆ ನೆಟ್ಟಗಿರುವಿಕೆ ಯಾರಿಗೆ ಬೇಕು? ಹಿಂಬದಿಯ ಮುಚ್ಚಳ ತೆರೆದು ಹಾಳೆಯನ್ನು ನೇರವಾಗಿ ಹೊರಬಿಡುವ ಸೌಕರ್ಯವಿರುವ ಯಂತ್ರಗಳಲ್ಲಿ ಅದೇ ಮೇಲಾದ ಮಾರ್ಗವೆಂದು ನನ್ನ ಮತ. ಬಿಸಿ ಹಾಳೆ ಮೇಲಿನ ತಟ್ಟೆಗೆ ಏರುವಾಗ ಹೊರಳುವ ಇಕ್ಕಟ್ಟಿನ ತಿರುವು ಅಲ್ಲಿಲ್ಲ. ಅನೇಕ ಮಾದರಿಗಳಲ್ಲಿ ಆ ಮುಚ್ಚಳ ತೆರೆದಿದ್ದಾಗ ಯಂತ್ರ ತಾನಾಗಿ ಎರಡು ಮಗ್ಗುಲಿಗೆ ಅಚ್ಚುಹಾಕದೆಂಬುದು ಇದರ ನ್ಯೂನತೆ.

ಇವೆಲ್ಲಕ್ಕೂ ಮೊದಲು ಪರೀಕ್ಷಿಸತಕ್ಕದ್ದು, ತೇವವನ್ನು ತಡೆಯಲೆಂದೇ ಮಾಡಿದ ರೀಮಿನ ಹೊದಿಕೆಯನ್ನು ಹರಿದು, ಐನೂರು ಹಾಳೆಗಳನ್ನು ಮೇಜಿನ ಮೇಲೆ ಬಯಲಾಗಿಡುವ ನಮ್ಮ ಅಭ್ಯಾಸವನ್ನು. ಉಡುಪಿ, ಮಂಗಳೂರುಗಳ ಆಷಾಢದ ಗಾಳಿಯನ್ನು ಕುಡಿದ ಹಾಳೆ ಫ್ಯೂಸರಿನಲ್ಲಿ ಕಳೆದುಕೊಳ್ಳಬೇಕಾದ ನೀರೂ ಅಷ್ಟೇ ಹೆಚ್ಚು. ಬೇಕಾದಷ್ಟನ್ನು ಮಾತ್ರ ಟ್ರೇಗೆ ತುಂಬಿ ಮಿಕ್ಕುದನ್ನು ಹೊದಿಕೆಯಲ್ಲಿಯೇ ಬಿಗಿದಿಡುವುದಕ್ಕೆ ಖರ್ಚೇನೂ ಇಲ್ಲ. ಇಸ್ತ್ರಿಪೆಟ್ಟಿಗೆಯಿಂದ ಹಾಳೆಗಳನ್ನು ಒಣಗಿಸುವವರೂ ಉಂಟು. ಅತಿಯಾಗಿ ಒಣಗಿದ ಕಾಗದ ಸ್ಥಾಯೀ ವಿದ್ಯುತ್ತಿನಿಂದ ಒಂದಕ್ಕೊಂದು ಅಂಟಿಕೊಂಡು ಜೋಡಿಜೋಡಿಯಾಗಿ ಒಳನುಗ್ಗುವುದರಿಂದ, ಆ ಸಾಹಸ ಮೂಲದೋಷಕ್ಕಿಂತಲೂ ಕೆಟ್ಟದ್ದು.