ಜೋಕುಮಾರನ ಬುಟ್ಟಿ ಮತ್ತು ಮೂಲ ಹುಡುಕುವವರು

ಗಣಪತಿ ಹಬ್ಬದ ಗದ್ದಲ ಇಳಿಯುವ ಮೊದಲೇ, ಭಾದ್ರಪದ ಶುದ್ಧ ಅಷ್ಟಮಿಯ ಹೊತ್ತಿಗೆ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ಜೋಕುಮಾರ ಹುಟ್ಟುತ್ತಾನೆ. ಕುಂಬಾರರು ಹಸಿ ಮಣ್ಣಿನಲ್ಲಿ ಅವನನ್ನು ಮಾಡಿಕೊಡುತ್ತಾರೆ: ಅಗಲ ಮುಖ, ಬಿಟ್ಟ ಕಣ್ಣು, ತೆರೆದ ಬಾಯಿ, ಮುಚ್ಚಿಡದ ಗಂಡಸುತನ. ಅಂಬಿಗರ, ಬಾರಿಕರ ಮನೆಯ ಹೆಣ್ಣುಮಕ್ಕಳು ಬಿದಿರಿನ ಬುಟ್ಟಿಯಲ್ಲಿ ಬೇವಿನ ತಪ್ಪಲು ಹಾಸಿ ಅವನನ್ನು ಕೂರಿಸುತ್ತಾರೆ, ತುಟಿಗೆ ಬೆಣ್ಣೆ ಮೆತ್ತುತ್ತಾರೆ, ತಲೆಯ ಮೇಲೆ ಹೊತ್ತು ಮನೆಮನೆಯ ಮುಂದೆ ಇಳಿಸಿ ಸುತ್ತ ಕೂತು ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ತಂದು ಸುರಿಯುತ್ತಾರೆ. ಮೊರ ಬರಿದಾಗಿ ಒಳಗೆ ಹೋಗುವುದಿಲ್ಲ. ನಾಲ್ಕು ಎಸಳು ಬೇವು, ಒಂದಿಷ್ಟು ಕಾಡಿಗೆ, ಅಂಬಲಿ ಅದರೊಂದಿಗೆ ಮರಳುತ್ತವೆ. ಆ ಅಂಬಲಿಯನ್ನು ಹೊಲಕ್ಕೊಯ್ದು ಚರಗ ಚೆಲ್ಲಿದರೆ ಪೀಕಿಗೆ ಹುಳ ಬೀಳುವುದಿಲ್ಲ ಎಂಬುದು ನಂಬಿಕೆ.

ಪಶ್ಚಿಮದ ಹ್ಯಾಲೊವೀನ್‌ಗೂ ಇದಕ್ಕೂ ನಂಟು ಕಟ್ಟುವ ಹುಮ್ಮಸ್ಸು ನನಗಿಲ್ಲ. ಆದರೆ ಎರಡರ ಬೆನ್ನಿಗೂ ಒಂದೇ ಬಗೆಯ ವಿದ್ವತ್ತು ಬಿದ್ದಿದೆ, ಎರಡು ಕಡೆಯೂ ಒಂದೇ ಬಗೆಯ ನಷ್ಟ ಮಾಡಿದೆ. ಅಕ್ಟೋಬರ್ 31ರ ರಾತ್ರಿ ಮಕ್ಕಳು ವೇಷ ಹಾಕಿ ಮನೆ ಮನೆಗೆ ಹೋಗಿ ಸಿಹಿ ಕೇಳುವ ರೂಢಿಯ ಮೂಲವನ್ನು 19ನೇ ಶತಮಾನದ ಕೊನೆಯ ವಿದ್ವಾಂಸರು ಕೆಲ್ಟಿಕ್ ಜನರ ಸಾವಿನ್ ಹಬ್ಬಕ್ಕೆ, ಪ್ರಾಚೀನ ಪ್ರೇತಾರಾಧನೆಗೆ ಒಯ್ದು ಮುಟ್ಟಿಸಿದರು. 1890ರಲ್ಲಿ ‘ದಿ ಗೋಲ್ಡನ್ ಬೋ’ ಪ್ರಕಟಿಸಿದ ಜೇಮ್ಸ್ ಫ್ರೇಜರ್ ಈ ಪಂಥಕ್ಕೆ ದೊಡ್ಡ ಹೆಸರು. ನೂರು ವರ್ಷದ ಮೇಲೆ, 1996ರಲ್ಲಿ, ಇತಿಹಾಸಕಾರ ರೊನಾಲ್ಡ್ ಹಟನ್ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ, ಸಾವಿನ್ ಸತ್ತವರ ಹಬ್ಬವಾಗಿತ್ತು ಎನ್ನಲು ಆಧಾರ ಬಲು ತೆಳು ಎಂದು ತೋರಿಸಿದರು. ಗಟ್ಟಿಯಾಗಿ ಸಿಗುವುದು ಬೇರೆಯೇ ಸಂಗತಿ: ನವೆಂಬರ್ ಮೊದಲ ದಿನಗಳಲ್ಲಿ ಇಂಗ್ಲೆಂಡಿನ ಬಡವರು ಬಾಗಿಲಿಗೆ ಬಂದು, ಮನೆಯ ಸತ್ತವರಿಗಾಗಿ ಪ್ರಾರ್ಥಿಸುತ್ತೇವೆಂದು ಹೇಳಿ ರೊಟ್ಟಿ ಪಡೆಯುತ್ತಿದ್ದರು. ಆ ದಿನಗಳಲ್ಲಿ ಹೀಗೆ ಬೇಡುವವರ ದನಿ ಶೇಕ್ಸ್‌ಪಿಯರನ ಒಂದು ನಾಟಕದಲ್ಲೂ ಸುಳಿದುಹೋಗುತ್ತದೆ.

ನಮ್ಮಲ್ಲೂ ಫ್ರೇಜರನ ನೆರಳು ಉದ್ದವಾಗಿಯೇ ಬಿತ್ತು. ಜೋಕುಮಾರನೆಂದರೆ ಫಲವಂತಿಕೆಯ ದೇವರು, ಬೆಳೆಗಾಗಿ ಸತ್ತು ಮತ್ತೆ ಹುಟ್ಟುವವನು ಎಂಬ ಒಂದು ಸಾಲು ಲೇಖನದಿಂದ ಲೇಖನಕ್ಕೆ ದಾಟುತ್ತ ಬಂದಿದೆ. ಸುಳ್ಳೆಂದು ಹೇಳುವಂತಿಲ್ಲ. ಮಕ್ಕಳಾಗದವರು ಅವನಿಗೆ ಹರಕೆ ಹೊರುತ್ತಾರೆ. ಗಣಪ ಕಡುಬು ತಿಂದು ಹೋಗಿ ಭೂಲೋಕ ಸುಖವಾಗಿದೆ ಎನ್ನುತ್ತಾನೆ, ಜನರ ಬವಣೆ ಕಂಡ ಜೋಕುಮಾರನೇ ಶಿವನಿಗೆ ನಿಜ ಹೇಳಿ ಮಳೆ ತರಿಸುತ್ತಾನೆ ಎಂದು ರೈತರು ಹೇಳುತ್ತಾರೆ. ಆದರೆ ಈ ಒಂದು ಸಾಲಿನಿಂದ ಅವನ ಕಥೆಯ ಅರ್ಧವೂ ತೆರೆದುಕೊಳ್ಳುವುದಿಲ್ಲ.

ಅವನು ಸಾಯುವ ರೀತಿ ನೋಡಿ. ಏಳೇ ದಿನದ ಆಯುಷ್ಯದಲ್ಲಿ ಕಂಡ ಹೆಣ್ಣನ್ನೆಲ್ಲ ಬಯಸುತ್ತ ಸುತ್ತಿದ ಜೋಕುಮಾರ ಕೊನೆಗೆ ಅಗಸಗಿತ್ತಿಯ ಮೇಲೆ ಕಣ್ಣು ಹಾಕುತ್ತಾನೆ. ಅಗಸರು ಅವನನ್ನು ಕೊಲ್ಲುತ್ತಾರೆ. ಹುಣ್ಣಿಮೆಯ ರಾತ್ರಿ ಕೆಲ ಊರುಗಳಲ್ಲಿ ಮೂರ್ತಿಯ ಸುತ್ತ ಮುಳ್ಳು ನೆಟ್ಟು ಹೆಂಗಸರು ಹಾಡುತ್ತ ಸುತ್ತುತ್ತಾರೆ. ಸೀರೆ ಮುಳ್ಳಿಗೆ ಸಿಕ್ಕರೆ ಅವನೇ ಸೆರಗು ಎಳೆದನೆಂದು ಒನಕೆಯಿಂದ ಬಡಿಯುತ್ತಾರೆ. ಆಮೇಲೆ ಅವನು ಒಗೆಯುವ ಕಲ್ಲಿನ ಕೆಳಗೆ ಸೇರುತ್ತಾನೆ. ಅವನ ನರಳಾಟ ಕೇಳೀತೆಂದು ಅಗಸರು ಮೂರು ದಿನ ಬಟ್ಟೆ ಒಗೆಯಲು ಹೋಗುತ್ತಿರಲಿಲ್ಲ. ಮಾಡುವವರು ಕುಂಬಾರರು, ಹೊರುವವರು ಅಂಬಿಗರು, ಬಾರಿಕರು, ಕೊಲ್ಲುವವರು ಅಗಸರು. ಇವರಲ್ಲಿ ಹಲವರು ಸುಗ್ಗಿಯಲ್ಲಿ ಕಣದಿಂದ ಆಯ ಪಡೆದು ಊರಿನ ಚಾಕರಿ ಮಾಡಿದವರು. ಇಡೀ ಆಚರಣೆ ಈ ದುಡಿಯುವ ಕೈಗಳಲ್ಲೇ ಹುಟ್ಟಿ, ನಡೆದು, ಮುಗಿಯುತ್ತದೆ. ಕಣದ ಒಡೆಯನಿಗೆ ಇದರಲ್ಲಿರುವ ಕೆಲಸ ಒಂದೇ, ಮೊರ ತುಂಬಿ ತರುವುದು. ಮೂಲವನ್ನು ಅರಸುವವರು ಈ ಬಾಗಿಲಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು. ಸತ್ತವರ ಸಂಗತಿಯೂ ಇದೆಯಲ್ಲ: ಅವನು ಸತ್ತ ಮರುದಿನವೇ ಪಿತೃಪಕ್ಷ ಹಿಡಿಯುತ್ತದೆ, ಹಿರಿಯರಿಗೆ ಎಡೆ ಇಡುವ ದಿನಗಳು ಬರುತ್ತವೆ. ಪಂಚಾಂಗದ ಈ ನೆರೆಹೊರೆಯನ್ನು ಎತ್ತಿಕೊಂಡ ಬರಹ ನನ್ನ ಕಣ್ಣಿಗೆ ಹೆಚ್ಚು ಬಿದ್ದಿಲ್ಲ.

ಪಂಡಿತರ ಕೈಯಿಂದ ಜಾರಿದ ಎಳೆಯನ್ನು ಹಿಡಿದವರು ಒಬ್ಬ ನಾಟಕಕಾರ. 1972ರಲ್ಲಿ ರಂಗಕ್ಕೆ ಬಂದ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಮಕ್ಕಳಿಲ್ಲದ ಗೌಡತಿ ಮಗುವಾಗಲೆಂದು ಗಂಡನಿಗೆ ಮಾಡಿದ ಪಲ್ಯವನ್ನು ಉಣ್ಣುವವನು ಬಸಣ್ಣ, ಹೊಲಕ್ಕಾಗಿ ಗೌಡನನ್ನು ಎದುರು ಹಾಕಿಕೊಂಡ ರೈತ. ಹೊಲ ಉಳುವವನದೋ, ಬಂದೂಕು ಹಿಡಿದವನದೋ ಎಂಬ ಪ್ರಶ್ನೆಯಿಂದ ಫಲವಂತಿಕೆಯನ್ನು ಕಂಬಾರರು ಬಿಡಿಸಲೇ ಇಲ್ಲ. ಜೋಕುಮಾರನ ಮೇಲೆ ನಮ್ಮಲ್ಲಿ ಬಂದ ಅತ್ಯುತ್ತಮ ವಿಮರ್ಶೆ ಆ ನಾಟಕವೇ ಎಂದು ನಾನು ತಿಳಿಯುತ್ತೇನೆ.

ಈಗ ಮೊರಕ್ಕೆ ಬೀಳುವುದೂ ಬದಲಾಗಿದೆ. ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಸೀಮೆಯ ಹೊಲಗಳನ್ನು ಗೋವಿನಜೋಳವೂ ಹತ್ತಿಯೂ ಆವರಿಸಿವೆ, ರಾಣೇಬೆನ್ನೂರು ಬೀಜೋತ್ಪಾದನೆಗೆ ಹೆಸರಾಗಿದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಟೆಂಡರಿಗೆ ಹೋಗುವ ಸರಕು. ಮನೆಯಲ್ಲಿ ಉಳಿಯದ ಪೀಕನ್ನು ಬಾಗಿಲಲ್ಲಿ ಹಂಚಿಕೊಳ್ಳುವುದು ಹೇಗೆ? ಹತ್ತರ ನೋಟಿಗೆ ಪ್ರತಿಯಾಗಿ ಬೇವಿನ ಎಸಳು ಕೊಟ್ಟಾಗ ಕೊಡುಕೊಳ್ಳುವಿಕೆಯ ಆಕಾರ ಉಳಿದೀತು, ಕೊಟ್ಟವರು ಪಡೆದವರು ಒಂದೇ ಬೆಳೆಗೆ ಬಾಧ್ಯರು ಎಂಬ ಭಾವ ಉಳಿಯುವುದು ಕಷ್ಟ.

2011ರಲ್ಲೇ ಇದೇ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಹುಟ್ಟಿತು. ಜೋಕುಮಾರನ ಹಾಡುಗಳ ಸಂಗ್ರಹ ನಮ್ಮಲ್ಲಿ ಸಾಕಷ್ಟಿದೆ. ಅಂಥ ಸಂಸ್ಥೆಯಿಂದ ಈಗ ಬೇಕಾಗಿರುವುದು ಬುಟ್ಟಿಯ ದಾರಿಯ ದಾಖಲೆ: ಯಾವ ಓಣಿಗೆ ಮೊದಲು ಹೋಯಿತು, ಯಾವ ಓಣಿಯನ್ನು ಬಿಟ್ಟಿತು, ಯಾವ ಬಾಗಿಲು ತೆರೆಯಲಿಲ್ಲ, ಮೊರದಲ್ಲಿ ಏನು ಬಂತು. ಬುಟ್ಟಿ ಹೊರಲು ಒಲ್ಲೆ, ಅದು ಬೇಡುವ ಕೆಲಸ ಎನ್ನುವ ಮಗಳ ಮಾತನ್ನೂ ಅವ್ವನ ಹಾಡಿನ ಪಕ್ಕದಲ್ಲೇ ಬರೆದುಕೊಳ್ಳಬೇಕು. ಅವ್ವನ ಪಾಲಿಗೆ ಹಕ್ಕಾಗಿದ್ದ ಪಡಿ ಮಗಳಿಗೆ ಭಿಕ್ಷೆಯಾಗಿ ಕಾಣುವ ಹೊತ್ತಿಗೆ ಆ ಊರಿನಲ್ಲಿ ಆಯ ನಿಂತು ಎಷ್ಟು ಕಾಲವಾಗಿತ್ತು ಎಂಬುದು, ಸಾವಿರ ವರ್ಷದ ಹಿಂದಿನ ಮೂಲಕ್ಕಿಂತ ಜರೂರಾಗಿ ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬಲ್ಲ ಮುದುಕಿಯರು ಈ ಮೂರೂ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ.